ಪ್ರೇಮಕ್ಕನ ದೀಕ್ಷಾಸ್ನಾನದ ವಿಷಯ

ಮಲ್ಲಿಪಟ್ಟಣ
ಗುರುವಾರ

ಪ್ರೇಮಕ್ಕನಿಗೆ ಭಾನುಪ್ರಿಯಾಳ ನಮಸ್ಕಾರ.

ಮೊನ್ನೆ ನೀವು ಬೈಬಲ್ ಹಿಡಿದು ನಮ್ಮ ಮನೆಗೆ ಬಂದಿರಿ. ಆರು ವರ್ಷದ ಹಿಂದೆ ನನ್ನ ಅಮ್ಮನ ಮೇಲೆ ಮೂಗರ್ಜಿ ಬರೆದವರು ನೀವೇ ಎಂದು ಒಪ್ಪಿಕೊಂಡಿರಿ. ಅಂಗನವಾಡಿ ಮಕ್ಕಳ ಮೊಟ್ಟೆ ಮಾರಿಕೊಂಡಳೆಂಬ ಆ ಸುಳ್ಳಿನಿಂದ ಅಮ್ಮನ ಕೆಲಸ ಹೋಯಿತು, ಅದು ನಿಮಗೆ ಸಿಕ್ಕಿತು. ಊರಿನವರು ಇಂದಿಗೂ ಅವಳನ್ನು ಮೊಟ್ಟೆ ಕಳ್ಳಿ ಎನ್ನುತ್ತಾರೆ.

"ಯೇಸಪ್ಪ ನನ್ ಪಾಪ ತೊಳ್ದವ್ನೆ ಕಣಮ್ಮಿ, ನೀನೂ ಮರ್ತ್ಬುಡು" ಎಂದು ನನ್ನ ಮುಂದೆ ಅತ್ತಿರಿ. ಅಡುಗೆಮನೆಯಲ್ಲಿದ್ದ ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ. ನೀವು ಅತ್ತಿದ್ದು ನೋಡಿ ನನಗೆ ಸಂತೋಷವೇ ಆಯಿತು.

ನಿನ್ನೆ ಹೊಳೆನರಸೀಪುರಕ್ಕೆ ಹೋಗಿ ನಿಮ್ಮ ಪಾಸ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಆಯಮ್ಮ ಮೊದ್ಲು ಊರ್ ಮುಂದೆ ನಿಜ ಏಳ್ಲಿ, ಆಮೇಲೆ ನೀರಿಗಿಳೀಲಿ. ಅವ್ರ ಪಾಪಕ್ಕೆ ಅವ್ರೇ ಜವಾಬ್ದಾರಿ" ಎಂದರು. ಈ ಭಾನುವಾರದ ನಿಮ್ಮ ದೀಕ್ಷಾಸ್ನಾನ ನಿಂತಿದೆ. ನಿಲ್ಲಿಸಿದವಳು ನಾನೇ.

ಸೋಮವಾರ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಬಿಡಲು ಬಂದಾಗ, ಅಂಗನವಾಡಿ ಬಾಗಿಲಲ್ಲಿ ನಿಂತು ನಿಜ ಹೇಳಿ. ಅಮ್ಮನನ್ನು ನಾನು ಕರೆತರುತ್ತೇನೆ. ಅವಳು ಕ್ಷಮಿಸಿದರೂ ಕ್ಷಮಿಸಿಯಾಳು, ಅವಳ ಗುಣವೇ ಅಂಥದ್ದು. ನನ್ನಿಂದ ಅದನ್ನು ಕೇಳಬೇಡಿ.

ಇಂತಿ,
ಲಕ್ಷ್ಮಿದೇವಮ್ಮನ ಮಗಳು
ಭಾನುಪ್ರಿಯಾ