ಎಲೆಗೆ ಅಡ್ಡ ಹಿಡಿದ ಕೈ

ಯಗಟಿ, 12 ಫೆಬ್ರವರಿ 2025, ಬುಧವಾರ

ದೊಡ್ಡವರ ನಡುವೆ ನಾನು ಹೇಗೆ ಬಾಯಿ ಬಿಟ್ಟೆನೋ!

ಶುಕ್ರವಾರ ದೊಡ್ಡಪ್ಪನಿಗೆ ಮೆದುಳಿನ ಕ್ಯಾನ್ಸರ್ ಗಡ್ಡೆಯ ಆಪರೇಷನ್. ತೆಗೆದ ಗಡ್ಡೆಯ ಚೂರನ್ನು ಸಂಶೋಧನೆಗೆ ಕೊಡುತ್ತೀರಾ ಎಂದು ಆಸ್ಪತ್ರೆಯವರು ಫಾರಂ ಕೊಟ್ಟಿದ್ದಾರೆ.

"ಇವರ ತಲೆ ಒಳಗಿಂದು ಅವರಿಗ್ಯಾಕೆ? ಸುತಾರಾಂ ಬ್ಯಾಡ," ಎಂದರು ದೊಡ್ಡಮ್ಮ. ಅವರ ಮಗ, ಡಿಗ್ರಿ ಓದಿದ ಓಂಕಾರೇಶಣ್ಣ, 'ಮೈಕ್ರೋ ಆರ್‌ಎನ್‌ಎ' ಎಂದು ಫಾರಂನಲ್ಲಿದ್ದುದನ್ನು ಜೋರಾಗಿ ಓದಿದ. ಯಾರಿಗೂ ತಿಳಿಯಲಿಲ್ಲ, ಅವನಿಗೂ.

ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಇಪ್ಪತ್ತು ವರ್ಷವಾದ ನಾನು ಮಾತ್ರ ಆಸ್ಪತ್ರೆಯಲ್ಲಿ ಸಂಶೋಧನೆಯ ಹುಡುಗಿಯನ್ನು ಮೂರು ಸಲ ಕೇಳಿ ತಿಳಿದುಕೊಂಡಿದ್ದೆ.

"ದೊಡ್ಡಮ್ಮ, ಪಂಕ್ತೀಲಿ ಬಡಿಸ್ತಾನೇ ಇದ್ರೆ ಎಲೆಗೆ ಕೈ ಅಡ್ಡ ಹಿಡಿದು ಸಾಕು ಅಂತೀವಲ್ಲ? ಜೀವಕೋಶ ಬೆಳೀತಾನೇ ಇದ್ರೆ ಅದರೊಳಗಿರೋ ಈ ಮೈಕ್ರೋ, ಅಂದ್ರೆ ಸಣ್ಣ, ಆರ್‌ಎನ್‌ಎಗಳಲ್ಲಿ ಕೆಲವು ಹಂಗೇ ಸಾಕು ಅಂತವೆ. ಗಡ್ಡೇಲಿ ಅಂಥವು ಕಮ್ಮಿ ಆಗಿರ್ತವಂತೆ. ಯಾವುದು ಕಮ್ಮಿ ಅಂತ ಹುಡುಕ್ತಾರೆ."

"ಹಂಗಾರೆ ಇವರಿಗೆ ವಾಸಿ ಆಯ್ತದಾ?"

"ಇವರಿಗಲ್ಲ. ಮುಂದೆ ಯಾರಿಗಾದ್ರೂ ಆಗಬಹುದು."

ದೊಡ್ಡಮ್ಮ ಅತ್ತರು. ನಾನು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

ದೊಡ್ಡಪ್ಪ ನಕ್ಕರು. "ಲೇ ಐದನೇ ಕ್ಲಾಸು, ಇಷ್ಟು ದಿನ ಎಲ್ಲಿತ್ತೇ ಈ ಬಾಯಿ?" ಎಂದು ದೊಡ್ಡಮ್ಮನ ಕಡೆ ತಿರುಗಿದರು. "ಕೊಡೋಣ ಕಣೇ ಮಲ್ಲಿ, ಯಾರಿಗೋ ಆಗ್ಲಿ."

ದೊಡ್ಡಮ್ಮ ಕಣ್ಣೊರೆಸಿಕೊಂಡು ಇಂಕ್ ಪ್ಯಾಡ್ ತಂದಿಟ್ಟರು. ದೊಡ್ಡಪ್ಪನ ಬಲಗೈ ಈಗ ಪೆನ್ನು ಹಿಡಿಯುವುದಿಲ್ಲ, ಹೆಬ್ಬೆಟ್ಟು ಒತ್ತಿದರು. ಅದಕ್ಕೆ ಸಾಕ್ಷಿ ರುಜು ಬೇಕಿತ್ತು. ಓಂಕಾರೇಶಣ್ಣ ಪೆನ್ನು ತೆಗೆದ.

"ಅವಳಿಗೆ ಕೊಡೋ," ಎಂದರು ದೊಡ್ಡಪ್ಪ.

ನನ್ನ ಹೆಸರನ್ನು ಅಪ್ಪನ ಹೆಸರು ಸೇರಿಸಿ ಪೂರ್ತಿ ಬರೆದೆ. ಅಕ್ಷರ ದೊಡ್ಡದಾಗಿ ಗೆರೆ ದಾಟಿತು. ದಾಟಲಿ.