ಪ್ಲಗ್ ಕಿತ್ತರೂ ಉಳಿಯಬೇಕು

12 ಏಪ್ರಿಲ್ 1999, ಸೋಮವಾರ
ನಾಲ್ಕಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಹೈದರಾಬಾದಿನ ಈ ನಾರಾಯಣಗೂಡದಲ್ಲಿ ದಿನಾ ಇದೇ ಗೋಳು, ಆಫೀಸಿನ ಯುಪಿಎಸ್ ಸತ್ತು ತಿಂಗಳಾಯಿತು. ಬಂದ ಮೇಲೆ ನೋಡಿದರೆ ಆಸ್ಪತ್ರೆಗೆಂದು ನಾನು ಬರೆಯುತ್ತಿರುವ ಬ್ಲಡ್ ಬ್ಯಾಂಕ್ ಪ್ರೋಗ್ರಾಮಿನ ಕೊನೆಯ ಮೂರು ಎಂಟ್ರಿ ಮಾಯ. ಮೂರಕ್ಕೂ 'ಸೇವ್ ಆಯಿತು' ಎಂದು ತೋರಿಸಿತ್ತು. ಥೂ, ಎಂಥ ಸುಳ್ಳು.
ಸಂಜೆ ಗೊತ್ತಾಯಿತು. ಫೈಲ್ ತೆರೆಯುವ ಎಫ್‌ಓಪನ್ ಫಂಕ್ಷನ್ನಿನಿಂದ ಬರೆದದ್ದು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಕೂತಿರುತ್ತದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಡಿಸ್ಕಿಗೆ ಇಳಿ ಎಂದು ಗದರಿಸಲು ಯುನಿಕ್ಸ್‌ನಲ್ಲಿ ಒಂದು ಫಂಕ್ಷನ್, ವಿಂಡೋಸ್ ಎನ್‌ಟಿಯಲ್ಲಿ ಬೇರೆಯೇ. ಆಸ್ಪತ್ರೆಯಲ್ಲಿ ಎರಡೂ ಬಗೆಯ ಮಷಿನ್ ಇವೆ...

13 ಏಪ್ರಿಲ್
ಎರಡಕ್ಕೂ ಬೇರೆ ಬೇರೆ ಬರೆಯುತ್ತೇನೆ ಎಂದರೆ ಬಾಸ್ ಶಿವಾನಂದ ಸರ್ ಒಪ್ಪಲಿಲ್ಲ. "ಎಫ್‌ಓಪನ್ ಎರಡೂ ಕಡೆ ನಡೀತೈತಿ, ಶಾಂಭವಿ. ಎರಡೆರಡು ಬರಕೋಂತ ಕುಂತ್ರ ಸೋಮವಾರ ಡೆಮೊ ಯಾರು ಕೊಡ್ತಾರ? ನಿನ್ನ ಪ್ರೊಬೇಷನ್ನೂ ಅವತ್ತೇ ಮುಗೀತೈತಿ, ನೆನಪಿರಲಿ."
ನೆನಪಿದೆ. ಸಿಟ್ಟಿನಲ್ಲಿ ನಾಲ್ಕು ಮಿರ್ಚಿ ಬಜ್ಜಿ ತಿಂದೆ.

15 ಏಪ್ರಿಲ್
ಆಸ್ಪತ್ರೆಗೆ ಹೋಗಿದ್ದೆ. ಬ್ಲಡ್ ಬ್ಯಾಂಕಿನ ಕೌಂಟರಿನಲ್ಲಿ ಪಾರ್ವತೆಮ್ಮ, ಬೀದರಿನವರು. ಕಂಪ್ಯೂಟರ್ ಮೇಲೆ ನಂಬಿಕೆಯಿಲ್ಲ, ರಿಜಿಸ್ಟರಿನಲ್ಲೂ ಬರೆಯುತ್ತಾರೆ. ಹೊಸ ರೀತಿ ಮಾಡಿದರೆ ಪ್ರತಿ ಎಂಟ್ರಿಗೂ ಅದು ಡಿಸ್ಕಿಗೆ ಇಳಿಯುವವರೆಗೆ ಸ್ವಲ್ಪ ಕಾಯಬೇಕು, ಆದೀತಾ ಎಂದೆ.
"ಕಾಯ್ತೀನವ್ವಾ. ಕೊಟ್ಟ ರಕ್ತ ಇನ್ನೂ ಐತಿ ಅಂತ ನಿನ್ನ ಡಬ್ಬಿ ಹೇಳಿದ್ರ, ಓಡಿ ಬಂದವ್ರಿಗೆ ನಾ ಏನ್ ಕೊಡ್ಲಿ?"
ಮುಗಿಯಿತು. ಎರಡೂ ಬರೆಯುತ್ತೇನೆ. ಸರ್‌ಗೆ ಹೇಳುವುದಿಲ್ಲ.

18 ಏಪ್ರಿಲ್, ಭಾನುವಾರ
ನಾಲ್ಕಕ್ಕೆ ಹೋಗುವ ಕರೆಂಟೇ ನನ್ನ ಟೆಸ್ಟರ್. ಯುನಿಕ್ಸ್ ಪಾಸು. ಎನ್‌ಟಿಯಲ್ಲಿ ಒಂದು ಎಂಟ್ರಿ ಹೋಯಿತು. ಅಳು ಬಂತು. ಹುಡುಕಿದರೆ — ಡಿಸ್ಕಿಗೆ ಇಳಿಸುವ ಮೊದಲೇ 'ಸೇವ್ ಆಯಿತು' ಎಂದು ತೋರಿಸುವ ಸಾಲು ಇಟ್ಟಿದ್ದೇನೆ. ಈ ಸಲ ಸುಳ್ಳು ಹೇಳಿದ್ದು ನಾನೇ.
ಸರಿ ಮಾಡಿದೆ. ಪ್ಲಗ್ ಕಿತ್ತು ಕಿತ್ತು ಇಪ್ಪತ್ತು ಸಲ ನೋಡಿದೆ. ಇಪ್ಪತ್ತು ಸಲವೂ ಉಳಿಯಿತು.

19 ಏಪ್ರಿಲ್, ಬೆಳಿಗ್ಗೆ 11:40
ಆಸ್ಪತ್ರೆಯಲ್ಲಿ ಡೆಮೊ ನಡೆಯುತ್ತಿದೆ. ಪಾರ್ವತೆಮ್ಮ ಒಂದು ಚೀಲದ ಎಂಟ್ರಿ ಹಾಕಿದರು, ರಿಜಿಸ್ಟರಿನಲ್ಲೂ ಬರೆದರು. ಡಾಕ್ಟರುಗಳ ಎದುರೇ ಸರ್ ಗೊಣಗಿದರು, "ಇಷ್ಟ್ಯಾಕ ತಡಾ ಮಾಡಾಕತ್ತೈತಿ? ಏನ್ ಮಾಡಿಟ್ಟೀದಿ?" ಡಿಸ್ಕಿಗೆ ಇಳಿಯುವವರೆಗೆ ಕಾಯುವಂತೆ ಎರಡೂ ಬರೆದಿದ್ದೇನೆ ಎಂದು ಹೇಳಿಬಿಟ್ಟೆ. ಅಷ್ಟರಲ್ಲಿ 'ಸೇವ್ ಆಯಿತು' ಎಂದು ಬಂತು; ಅವರು ಬಾಯಿ ತೆರೆಯುವುದರೊಳಗೆ ಬಗ್ಗಿ ಪ್ಲಗ್ ಕಿತ್ತೆ. ಮತ್ತೆ ಹಾಕಿದೆ.
ಮಷಿನ್ ಏಳುತ್ತಿದೆ. ಸುಮ್ಮನೆ ಕಾಯಲಾಗದೆ ಇದನ್ನು ಬರೆಯುತ್ತಿದ್ದೇನೆ.
ಪಾರ್ವತೆಮ್ಮ ರಿಜಿಸ್ಟರ್ ನೋಡಿ ಓದಿದರು: ಚೀಲ 412, ಓ ನೆಗೆಟಿವ್, ಕೊಟ್ಟಾಗಿದೆ.
ಸ್ಕ್ರೀನ್ ಬಂತು. 412, ಓ ನೆಗೆಟಿವ್, ಕೊಟ್ಟಾಗಿದೆ.
ಪಾರ್ವತೆಮ್ಮ ಪೆನ್ನಿಗೆ ಕ್ಯಾಪ್ ಹಾಕಿ ರಿಜಿಸ್ಟರ್ ಮುಚ್ಚಿದರು.
ಸರ್ ನನ್ನ ಕಡೆಗೇ ಬರುತ್ತಿದ್ದಾರೆ. ಬರಲಿ. ನಾನು ಹೇಳುವುದು ಒಂದೇ — ಪ್ಲಗ್ ಕಿತ್ತರೂ ಉಳಿಯಬೇಕು.