ಕೆಂಪು ನೂಲಿನ ಗುರುತು

ಗಜೇಂದ್ರಗಡ
೧೪-೯-೧೯೫೪, ಮುಂಜಾನೆ

ಸೊಲ್ಲಾಪುರದಲ್ಲಿರುವ ಯಜಮಾನರಿಗೆ ನಿಮ್ಮ ಕಳಕವ್ವ ಪಾದ ಮುಟ್ಟಿ ಮಾಡುವ ನಮಸ್ಕಾರ.

ನಿಮ್ಮ ಕೆಮ್ಮು ಹೇಗಿದೆ? ಗಿರಣಿಯ ಅರಳೆ ಧೂಳು ನಿಮಗೆ ಆಗುವುದಿಲ್ಲ, ಬಾಯಿಗೆ ವಸ್ತ್ರ ಕಟ್ಟಿಕೊಳ್ಳಿರಿ ಎಂದರೆ ನಕ್ಕುಬಿಡುತ್ತೀರಿ. ಇಲ್ಲಿ ಅತ್ತೆಯವರು ಗಟ್ಟಿ ಇದ್ದಾರೆ. ನಮ್ಮ ಕೂಸು ಹನುಮವ್ವನಿಗೆ ಮಾತ್ರ ಎಂಟು ದಿನದಿಂದ ಜ್ವರ. ರೋಣದ ದವಾಖಾನೆಯ ಗುಳಿಗೆಗೆ ಎರಡು ದಿನ ಇಳಿದದ್ದು ಮತ್ತೆ ಏರಿತು. ಕೂಸು ಗಂಜಿಯನ್ನೂ ಕಣ್ಣು ತೆರೆದು ನೋಡುತ್ತಿಲ್ಲ. ಹೋದ ವರ್ಷ ನೀರಂಜಿ ಮರದ ಚಕ್ಕೆಯ ಕಷಾಯಕ್ಕೆ ಜ್ವರ ಬಿಟ್ಟಿತ್ತಲ್ಲ, ಅದನ್ನೇ ಕೊಡು ಎಂದು ಅತ್ತೆಯವರ ಹಟ.

ಹೇಗೆ ಕೊಡಲಿ? ನನ್ನಿಂದ ದೊಡ್ಡ ತಪ್ಪಾಗಿದೆ. ನೀವು ಹೊಳೆಆಲೂರಿನ ದಂಡೆಯಿಂದ ಚಕ್ಕೆಯ ಎರಡು ಕಟ್ಟು ತಂದು ಜಂತಿಗೆ ಸಿಗಿಸಿದ್ದಿರಿ. ಕಷಾಯಕ್ಕೆ ನೀರಂಜಿ, ಗಜಕರ್ಣಕ್ಕೆ ಅರೆದು ಹಚ್ಚಲು ಕಣಗಿಲ. ಎರಡಕ್ಕೂ ಕಟ್ಟಿದ್ದು ಪುಂಡಿನಾರು, ಹೊಟ್ಟೆಗೆ ಹೋದರೆ ಜೀವ ತೆಗೆಯುವ ಕಣಗಿಲಕ್ಕೆ ಮಾತ್ರ ಮೇಲೊಂದು ಕೆಂಪು ನೂಲು. ಶ್ರಾವಣದಲ್ಲಿ ಮಗ್ಗದ ಮೇಲಿನ ಸೀರೆಯ ಅಂಚಿನಲ್ಲಿ ಕೆಂಪೆಳೆ ಹರಿಯಿತು. ಗೇಣು ನೂಲನ್ನೂ ಚೆಲ್ಲದ ಮನೆ ನಮ್ಮದು; ಆ ಕಟ್ಟಿನದನ್ನೇ ಬಿಚ್ಚಿ ಎಳೆ ಕೂಡಿಸಿದೆ. ಮತ್ತೆ ಕಟ್ಟಿದರಾಯಿತು ಅಂದುಕೊಂಡವಳು ಮರೆತೆ. ಚವತಿಗೆ ಜಂತಿ ಜಾಡಿಸುವಾಗ ಕಟ್ಟುಗಳೂ ಅದಲುಬದಲಾದವು. ಆ ಸೀರೆ ಈಗ ಯಾರ ಮೈಮೇಲಿದೆಯೋ.

ನೀವು ಕಲಿಸಿದ್ದು ನೆನಪಿದೆ. ನೀರಂಜಿ ಮರವಾಗಿರಲಿ, ಪೊದೆಯಾಗಿರಲಿ, ಎಲೆಯ ಬೆನ್ನು ಬಿಳಿ, ಗೆಣ್ಣಿಗೆ ಒಂದೇ ಎಲೆ. ಕಣಗಿಲದ್ದು ಗೆಣ್ಣಿಗೆ ಮೂರು. ಒಣಗಿದ ಚಕ್ಕೆಗೆ ಎಲೆ ಎಲ್ಲಿಂದ ತರಲಿ? ಹಸಿಯದನ್ನು ತರೋಣವೆಂದರೆ ಹೊಳೆ ದಂಡೆ ಮೀರಿ ಹರಿಯುತ್ತಿದೆ. ಎಳೆ ಮುಟ್ಟಿ ನೂಲಿನ ನಂಬರು ಹೇಳುವ ನನ್ನ ಬೆರಳಿಗೆ ಎರಡೂ ಚಕ್ಕೆ ಒಂದೇ. ಮೂಸಿದೆ, ಮುರಿದೆ, ತಿಳಿಯಲಿಲ್ಲ. ಈ ಕೈಗಳನ್ನು ಕಂಡರೆ ನನಗೇ ಅಸಹ್ಯ. ಅತ್ತೆಯವರ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಬೈಯಲಿಲ್ಲ. "ಹರದ ಎಳಿ ಕೂಡಸಬೇಕಲ್ಲವಾ, ಅಳಬ್ಯಾಡ" ಅಂದರು.

ಚಕ್ಕೆಯ ಗುರುತು ಲಗೂ ಬರೆಯಿರಿ. ಕಾಗದ ಹೋಗಿ ಬರುವ ತನಕ ಕೂಸು ತಾಳುತ್ತದೆಂಬ ಭರವಸೆ ನನಗಿಲ್ಲ. ಕಾಲಕಾಲೇಶ್ವರ ನಿಮ್ಮನ್ನಾದರೂ ಚೆನ್ನಾಗಿಟ್ಟಿರಲಿ.

ಇಂತಿ ನಿಮ್ಮ
ಕಳಕವ್ವ

ತಾ.ಕ.: ಕಾಗದ ಮಡಚಿ ಏಳುವಷ್ಟರಲ್ಲಿ ಅತ್ತೆಯವರು ಒಂದು ಕಟ್ಟಿನ ಚಕ್ಕೆ ಕುದಿಸಿ ತಾವೇ ಕುಡಿದಿದ್ದರು. ವಾಂತಿಯಾಯಿತು, ನಾಡಿ ತಪ್ಪಿತು. ಗಾಡಿ ಹೂಡುವುದರೊಳಗೆ ಹೋಗಿಬಿಟ್ಟರು. ಕಡೆಗೆ ನನ್ನ ಕೈ ಹಿಡಿದು ಹೇಳಿದ್ದು ಇಷ್ಟೇ: "ಗುರುತು ಸಿಕ್ತಲ್ಲವಾ. ಇನ್ನೊಂದು ಕಟ್ಟಿಂದು ಕೂಸಿಗಿ ಕುದಿಸು." ಒಲೆಯ ಮೇಲೆ ಅದೇ ಕುದಿಯುತ್ತಿದೆ. ಸಂಜೆಗೆ ಮಣ್ಣು, ನಿಮಗಾಗಿ ಕಾಯಲಾಗುವುದಿಲ್ಲ. ಇನ್ನು ಗುರುತು ಬರೆಯುವುದು ಬೇಡ, ನೀವೇ ಬರ್ರಿ.